ಕಿವಿಯ ತಮಟೆ ಮುಚ್ಚುವ ಪೊರೆ, ಕೆಟ್ಟ ದನಿಯನ್ನೂ ಸರಿ ಮಾಡುತ್ತದೆಯೇ?

ಕಿವಿಯ ಮೇಲ್ಗಡೆ, ಕೂದಲಿನ ಒಳಗೆ ಬೆರಳಿಟ್ಟು ಒಮ್ಮೆ ಹಲ್ಲು ಕಚ್ಚಿ ನೋಡಿ. ಒಂದು ಸ್ನಾಯು ಉಬ್ಬಿ ಇಳಿಯುವುದು ಗೊತ್ತಾಗುತ್ತದೆ. ಅದರ ಮೇಲೆ ತೆಳ್ಳಗಿನ, ಬೆಳ್ಳಗಿನ, ಗಟ್ಟಿ ಪೊರೆಯೊಂದು ಹಾಸಿಕೊಂಡಿದೆ. ವೈದ್ಯರ ಭಾಷೆಯಲ್ಲಿ ಇದು ಟೆಂಪೊರಾಲಿಸ್ ಫೇಶಿಯಾ. ಕಿವಿ ಸೋರಿ ಸೋರಿ ತಮಟೆ ತೂತಾದವರಿಗೆ ಆ ತೂತು ಮುಚ್ಚಲು ಇಎನ್‌ಟಿ ಡಾಕ್ಟರುಗಳು ಸಾಮಾನ್ಯವಾಗಿ ಬಳಸುವುದು ಈ ಪೊರೆಯನ್ನೇ. ಅವರಿಗೆ ಇದು ಕೈ ಪಳಗಿದ ಕೆಲಸ.

ಇದೇ ಪೊರೆಯ ತುಂಡನ್ನು ಗಂಟಲಿನೊಳಗಿನ ಧ್ವನಿತಂತುವಿಗೆ ಕಸಿ ಮಾಡುವ ಶಸ್ತ್ರಚಿಕಿತ್ಸೆ ಕೂಡ ಇದೆ. ಧ್ವನಿತಂತುವಿನಲ್ಲಿ ಗಾಯವಾಗಿ, ಮಾಯ್ದು, ಕಲೆ ಉಳಿದು ದನಿ ಒಡೆದುಹೋದವರಿಗೆ ಮಾಡುತ್ತಾರೆ. ಪೊರೆ ಅದೇ, ಡಾಕ್ಟರೂ ಅದೇ ವಿಭಾಗದವರು. ಆದರೂ ಕಿವಿಯಲ್ಲಿ ಚೆನ್ನಾಗಿ ಹಿಡಿಯುವ ಕಸಿ ಗಂಟಲಲ್ಲಿ ಅರ್ಧಂಬರ್ಧ ಫಲ ಕೊಡುತ್ತದೆ. ಯಾಕೆ ಹೀಗೆ ಅನ್ನುವುದು ಅರ್ಥವಾದರೆ, ‘ಲ್ಯಾಬಿನಲ್ಲಿ ಬೆಳೆಸಿದ ಧ್ವನಿತಂತು’ ಅಂತ ಆಗಾಗ ಬರುವ ಸುದ್ದಿಗಳನ್ನು ಎಷ್ಟು ನಂಬಬೇಕು ಅನ್ನುವುದೂ ಅರ್ಥವಾಗುತ್ತದೆ.

ಧ್ವನಿತಂತುಗಳು ಎರಡು. ಕುತ್ತಿಗೆಯ ಮುಂದಿನ ಗಂಟಲಗಂಟಿನ ಹಿಂದೆ, ಉಸಿರುನಾಳದ ಬಾಯಲ್ಲಿ, ಎಡಕ್ಕೊಂದು ಬಲಕ್ಕೊಂದು ಮಡಿಕೆ. ಉದ್ದ ಬಹಳ ಕಡಿಮೆ. ಗಂಡಸರಲ್ಲೂ ಹೆಚ್ಚೆಂದರೆ ಎರಡು ಸೆಂಟಿಮೀಟರಿನ ಆಸುಪಾಸು. ಮಾತಾಡುವಾಗ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 125 ಸಲ, ಹೆಂಗಸರಲ್ಲಿ ಸುಮಾರು 200 ಸಲ ಇವು ಒಂದಕ್ಕೊಂದು ಬಡಿದು ಬೇರೆಯಾಗುತ್ತವೆ. ಲೆಕ್ಕ ಹಾಕಿ: ಒಬ್ಬ ಟೀಚರಮ್ಮನ ದನಿ ದಿನದಲ್ಲಿ ಒಟ್ಟು ಒಂದು ಗಂಟೆ ಹೊರಟರೂ 7 ಲಕ್ಷ 20 ಸಾವಿರ ಸಲ ಬಡಿದ ಹಾಗಾಯಿತು.

ಇಷ್ಟು ಬಡಿತ ತಾಳುವುದು ಹೇಗೆ ಅನ್ನುವುದನ್ನು ತೋರಿಸಿಕೊಟ್ಟವರು ಜಪಾನಿನ ಕುರುಮೆ ವಿಶ್ವವಿದ್ಯಾಲಯದ ಮಿನೋರು ಹಿರಾನೊ. 1974ರಲ್ಲಿ ಅವರು ಧ್ವನಿತಂತುವನ್ನು ಪದರ ಪದರವಾಗಿ ವಿವರಿಸಿದರು. ಒಳಗೆ ಸ್ನಾಯು. ಹೊರಗೆ ತೆಳು ಚರ್ಮದಂಥ ಹೊದಿಕೆ. ನಡುವೆ ಮೂರು ಪದರ. ಅದರಲ್ಲಿ ಎಲ್ಲಕ್ಕಿಂತ ಮೇಲಿನದು ಲೋಳೆಯಂತೆ ಮೆತ್ತಗೆ ಇರುತ್ತದೆ. ಉಸಿರು ಕೆಳಗಿನಿಂದ ತಳ್ಳಿದಾಗ ಹೊದಿಕೆ ಈ ಲೋಳೆಯ ಮೇಲೆ ಜಾರುತ್ತದೆ, ಅಲೆ ಏಳುತ್ತದೆ. ಒಳಗಿನ ಸ್ನಾಯು ಅಷ್ಟಾಗಿ ಅಲುಗುವುದೇ ಇಲ್ಲ. ದನಿ ಹುಟ್ಟುವುದು ಈ ಜಾರುವಿಕೆಯಿಂದ.

ನಿಮ್ಮ ಮುಂಗೈ ಮೇಲಿನ ಚರ್ಮವನ್ನು ಚಿವುಟಿ ಆ ಕಡೆ ಈ ಕಡೆ ಆಡಿಸಿ. ಸಲೀಸಾಗಿ ಆಡುತ್ತದೆ. ಯಾವಾಗಲೋ ಆಳವಾಗಿ ಸುಟ್ಟ ಗಾಯದ ಕಲೆ ಇದ್ದರೆ ಅಲ್ಲಿ ಚಿವುಟಿ. ಚರ್ಮ ಒಳಗೇ ಅಂಟಿಕೊಂಡಂತೆ ಇರುತ್ತದೆ, ಅಲ್ವಾ? ಧ್ವನಿತಂತುವಿನಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ. ಲೋಳೆಯ ಪದರ ಹಾಳಾಗಿ, ಆ ಜಾಗದಲ್ಲಿ ಅಡ್ಡಾದಿಡ್ಡಿ ಹೆಣೆದ ಕೊಲಾಜೆನ್ ನಾರು ತುಂಬಿಕೊಳ್ಳುತ್ತದೆ. ಮೆತ್ತಗೆ ಇಡುತ್ತಿದ್ದ ಹೈಲುರಾನಿಕ್ ಆಮ್ಲದ ಹದ ತಪ್ಪುತ್ತದೆ. ಹೊದಿಕೆ ಸ್ನಾಯುವಿಗೇ ಕಚ್ಚಿಕೊಳ್ಳುತ್ತದೆ. ಅಲೆ ಅಲ್ಲಿಗೆ ಬಂದು ನಿಂತುಬಿಡುತ್ತದೆ. ಎರಡು ತಂತುಗಳ ನಡುವೆ ಸಂದು ಬಿದ್ದು ಗಾಳಿ ಸೋರುತ್ತದೆ. ಮಾತು ಗೊರಗೊರ, ಅದರ ಜೊತೆಗೆ ಸುಸ್ತು. ಅರ್ಧ ಗಂಟೆ ಮಾತಾಡಿದರೆ ಹೊಲದಲ್ಲಿ ದುಡಿದು ಬಂದಷ್ಟು ದಣಿವು.

ಈ ಗಾಯ ಎಲ್ಲಿಂದ ಬರುತ್ತದೆ? ಇದರಲ್ಲಿ ಒಂದು ಕಹಿ ಸತ್ಯ ಇದೆ. ದೊಡ್ಡ ಕಾರಣಗಳಲ್ಲಿ ಒಂದು ಶಸ್ತ್ರಚಿಕಿತ್ಸೆಯೇ. ಹಿಂದೆ ಧ್ವನಿತಂತುವಿನ ಮೇಲೆ ಗಂಟು, ಊತ ಕಂಡರೆ ಇಕ್ಕಳದಲ್ಲಿ ಹಿಡಿದು ಹೊದಿಕೆಯನ್ನೇ ಸುಲಿದು ತೆಗೆಯುವ ಪದ್ಧತಿ ಇತ್ತು. ಹೊಸ ಹೊದಿಕೆ ಬೆಳೆಯುತ್ತಿತ್ತು, ನಿಜ. ಆದರೆ ಕೆಳಗಿನ ಲೋಳೆ ಹೋದದ್ದು ಹೋದಂತೆಯೇ. ಹಿರಾನೊ ಅವರ ಕೆಲಸ ತಿಳಿದ ಮೇಲೆ ಶಸ್ತ್ರಚಿಕಿತ್ಸಕರು ಮೈಕ್ರೋಸ್ಕೋಪ್ ಇಟ್ಟುಕೊಂಡು, ಹೊದಿಕೆಯನ್ನು ಸ್ವಲ್ಪವೇ ಎತ್ತಿ, ಕೆಟ್ಟದ್ದನ್ನಷ್ಟೇ ತೆಗೆದು, ಮತ್ತೆ ಮುಚ್ಚುವ ರೀತಿಗೆ ಬಂದರು.

ಆದರೂ ಎಡವಟ್ಟು ಆಗುವುದಿಲ್ಲ ಅಂತಲ್ಲ. ಜಗತ್ತಿಗೆಲ್ಲ ಗೊತ್ತಿರುವ ಉದಾಹರಣೆ ಜೂಲಿ ಆಂಡ್ರ್ಯೂಸ್. ನಾಲ್ಕು ಸ್ಥಾಯಿಗಳಲ್ಲಿ ಹಾಡುತ್ತಿದ್ದ ನಟಿ-ಗಾಯಕಿ. 1997ರಲ್ಲಿ ನ್ಯೂಯಾರ್ಕಿನಲ್ಲಿ ಧ್ವನಿತಂತುವಿಗೆ ಶಸ್ತ್ರಚಿಕಿತ್ಸೆ ಆಯಿತು. ಕ್ಯಾನ್ಸರ್ ಏನೂ ಆಗಿರಲಿಲ್ಲ. ಆದರೆ ಆ ಮೇಲೆ ಹಾಡುವ ದನಿ ವಾಪಸ್ ಬರಲೇ ಇಲ್ಲ. 1999ರಲ್ಲಿ ಕೋರ್ಟಿಗೆ ಹೋದರು, ಮರುವರ್ಷ ರಾಜಿಯಾಯಿತು. ಹಣ, ಹೆಸರು, ಅಮೆರಿಕದ ಒಳ್ಳೊಳ್ಳೆ ಡಾಕ್ಟರು, ಎಲ್ಲ ಇದ್ದೂ ಆ ದನಿಯನ್ನು ಯಾರೂ ಮರಳಿ ಕೊಡಲಾಗಲಿಲ್ಲ. ಈ ಚಿಕಿತ್ಸೆಗಳ ಬಗ್ಗೆ ಆಸೆ ಕಟ್ಟಿಕೊಳ್ಳುವ ಮುಂಚೆ ಇದನ್ನು ನೆನಪಿಡುವುದು ಒಳ್ಳೆಯದು.

ಉಳಿದ ಕಾರಣಗಳು: ಅರಚಿ ಅರಚಿ ತಂತುವಿನೊಳಗೆ ರಕ್ತ ಒಸರುವುದು, ಕುತ್ತಿಗೆಗೆ ಪೆಟ್ಟು, ಗಂಟಲು ಕ್ಯಾನ್ಸರಿಗೆ ಮಾಡಿದ ಲೇಸರ್ ಅಥವಾ ರೇಡಿಯೇಷನ್. ಐಸಿಯುನಲ್ಲಿ ವಾರಗಟ್ಟಲೆ ಬಾಯಿಂದ ಇಳಿಬಿಟ್ಟ ಉಸಿರಾಟದ ಟ್ಯೂಬ್ ಇನ್ನೊಂದು. ಕೋವಿಡ್ ಸಮಯದಲ್ಲಿ ಇಂಥವರು ಜಾಸ್ತಿಯಾದರು. ನಮ್ಮ ಹಳ್ಳಿಗಳ ಕಡೆ ಹೊಲಕ್ಕೆ ಹೊಡೆಯುವ ಔಷಧಿ ಹೊಟ್ಟೆಗೆ ಹೋಗಿ ವೆಂಟಿಲೇಟರ್ ಮೇಲೆ ದಿನಗಟ್ಟಲೆ ಮಲಗಿ ಬದುಕಿ ಬಂದವರೂ ಇದ್ದಾರೆ. ಆದರೆ ಟ್ಯೂಬಿನ ಗಾಯ ಹೆಚ್ಚಾಗಿ ತಂತುಗಳ ಹಿಂಭಾಗದಲ್ಲಿ ಆಗುತ್ತದೆ. ಎರಡೂ ಅಲ್ಲಿ ಅಂಟಿಕೊಂಡು ಉಸಿರಿಗೇ ತೊಂದರೆ ಬರಬಹುದು. ಅದರ ಚಿಕಿತ್ಸೆ ಬೇರೆ. ಈ ಲೇಖನ ಅಲೆ ಏಳುವ ಮುಂಭಾಗದ ಗಾಯದ ಬಗ್ಗೆ.

ಇನ್ನೊಂದು ತಲೆನೋವು ಪತ್ತೆ ಹಚ್ಚುವುದು. ಸಾದಾ ಎಂಡೋಸ್ಕೋಪಿಯಲ್ಲಿ ನೋಡಿದರೆ ಗಂಟಿಲ್ಲ, ಊತವಿಲ್ಲ, ತಂತುಗಳು ಬಿಚ್ಚಿ ಮುಚ್ಚುತ್ತಿವೆ. ‘ಏನೂ ಇಲ್ಲಮ್ಮ, ಟೆನ್ಷನ್ ಮಾಡ್ಕೋಬೇಡಿ’ ಅಂತ ಕಳಿಸಿಬಿಡುತ್ತಾರೆ. ಸೆಕೆಂಡಿಗೆ 200 ಸಲದ ಅಲೆ ಬರಿಗಣ್ಣಿಗೆ ಕಾಣುವುದೇ ಇಲ್ಲ. ಅದಕ್ಕೆ ಸ್ಟ್ರೋಬೋಸ್ಕೋಪಿ ಬೇಕು. ಬೆಳಕು ದನಿಯ ವೇಗಕ್ಕಿಂತ ಒಂಚೂರು ಹಿಂದೆ ಮುಂದೆ ಮಿನುಗುತ್ತಾ ಹೋಗುತ್ತದೆ, ಆಗ ಕಂಪನ ಸ್ಲೋ ಮೋಷನ್ನಿನಲ್ಲಿ ಕಾಣುತ್ತದೆ. ಕಲೆ ಇರುವ ತುಣುಕು ಮಾತ್ರ ಕದಲದೆ ನಿಂತಿರುವುದು ಆಗ ಕಣ್ಣಿಗೆ ಬೀಳುತ್ತದೆ. ದನಿ ಕೆಟ್ಟು ತಿಂಗಳುಗಟ್ಟಲೆ ಆಗಿದ್ದರೆ ಈ ಪರೀಕ್ಷೆ ಆಗದೆ ‘ಏನೂ ಇಲ್ಲ’ ಅನ್ನುವ ಮಾತನ್ನು ಒಪ್ಪಬೇಡಿ.

ಈಗ ಕಸಿಯ ವಿಷಯಕ್ಕೆ ಬರೋಣ. ಫೇಶಿಯಾವನ್ನು ಧ್ವನಿತಂತುವಿಗೆ ಹಾಕುವ ಕೆಲಸವನ್ನು ಜಪಾನಿನ ಕೋಇಚಿ ತ್ಸುನೋಡಾ ಮತ್ತು ಅವರ ಜೊತೆಗಾರರು 1990ರ ದಶಕದ ಕೊನೆಗೆ ಶುರು ಮಾಡಿ ವರದಿ ಮಾಡಿದರು. ತಂತುವಿನ ಉದ್ದಕ್ಕೂ ಗೀರಿನಂಥ ತಗ್ಗು ಬೀಳುವ ಸಲ್ಕಸ್ ವೊಕಾಲಿಸ್ ಇರುವವರೂ ಇವರ ರೋಗಿಗಳಲ್ಲಿ ಇದ್ದರು.

ನಡೆಯುವುದು ಹೀಗೆ. ರೋಗಿಗೆ ಪೂರ್ತಿ ಅರಿವಳಿಕೆ. ತಲೆಯನ್ನು ಹಿಂದಕ್ಕೆ ಬಾಗಿಸಿ, ಬಾಯೊಳಗಿಂದ ಒಂದು ಲೋಹದ ಕೊಳವೆಯನ್ನು ದನಿಪೆಟ್ಟಿಗೆವರೆಗೆ ಇಳಿಸಿ, ಅದನ್ನು ಅಲ್ಲಾಡದಂತೆ ಸ್ಟ್ಯಾಂಡಿಗೆ ಕಟ್ಟುತ್ತಾರೆ. ಹೊರಗೆ ಮೈಕ್ರೋಸ್ಕೋಪ್. ಒಳಗೆ ಒಂದಡಿಗೂ ಹತ್ತಿರ ಉದ್ದದ ಹಿಡಿಯಿರುವ, ತುದಿಯಲ್ಲಿ ಒಂದೆರಡು ಮಿಲಿಮೀಟರಿನ ಕತ್ತರಿ, ಕೊಕ್ಕೆಗಳು. ಮೊದಲು ಸೂಜಿಯಿಂದ ಹೊದಿಕೆಯ ಕೆಳಗೆ ಸಲೈನ್ ಬಿಡುತ್ತಾರೆ. ಆರೋಗ್ಯವಾಗಿರುವ ಕಡೆ ಅದು ಬೊಬ್ಬೆಯಂತೆ ಏಳುತ್ತದೆ, ಕಲೆ ಇರುವ ಕಡೆ ಏಳುವುದಿಲ್ಲ. ಎಲ್ಲಿ ಎಷ್ಟು ಅಂಟಿದೆ ಅನ್ನುವುದು ನಿಜವಾಗಿ ಗೊತ್ತಾಗುವುದು ಆ ಕ್ಷಣದಲ್ಲೇ. ಆಮೇಲೆ ತಂತುಗಳು ಒಂದಕ್ಕೊಂದು ತಾಗುವ ಅಂಚನ್ನು ಮುಟ್ಟದೆ, ಮೇಲ್ಭಾಗದಲ್ಲಿ ಸಣ್ಣದಾಗಿ ಕೊಯ್ದು, ಅಂಟಿದ್ದನ್ನು ಕೂದಲೆಳೆಯಷ್ಟಷ್ಟೇ ಬಿಡಿಸುತ್ತಾ ಒಂದು ಪುಟ್ಟ ಜೇಬು ಮಾಡುತ್ತಾರೆ. ಇದೇ ಎಲ್ಲಕ್ಕಿಂತ ಕಷ್ಟದ ಭಾಗ. ಹೊದಿಕೆ ಇಲ್ಲಿ ಹರಿದುಹೋದರೆ ಹೊಸ ಗಾಯ, ಹೊಸ ಕಲೆ.

ಅಷ್ಟರಲ್ಲಿ ಕಿವಿ ಮೇಲಿಂದ ಫೇಶಿಯಾ ತುಂಡು ತೆಗೆದಿರುತ್ತಾರೆ. ಕೂದಲಿನ ಒಳಗೆ ಕೊಯ್ಯುವುದರಿಂದ ಗುರುತು ಕಾಣುವುದಿಲ್ಲ. ಅದರ ಮಾಂಸ, ಕೊಬ್ಬು ಕೆರೆದು, ತಂತುವಿನ ಉದ್ದಕ್ಕೆ ಕತ್ತರಿಸಿ, ಸುರುಳಿ ಸುತ್ತಿ ಅಥವಾ ಮಡಿಸಿ ಜೇಬಿನೊಳಗೆ ಇಡುತ್ತಾರೆ. ಹೊದಿಕೆಯನ್ನು ಮತ್ತೆ ಮುಚ್ಚಿ, ಬೇಕಾದರೆ ಒಂದು ಹೊಲಿಗೆ ಅಥವಾ ಫೈಬ್ರಿನ್ ಅಂಟು (ರಕ್ತದ ಪ್ರೋಟೀನಿನಿಂದ ಮಾಡಿದ್ದು). ಮುಗಿಯಿತು.

ರೋಗಿಗೆ ಮಾತ್ರ ಮುಗಿದಿರುವುದಿಲ್ಲ. ಮೊದಲು ಕೆಲವು ದಿನ ಪೂರ್ತಿ ಮೌನ. ಆಮೇಲೆ ಬಾಯಿ ಬಿಟ್ಟರೆ ದನಿ ಮೊದಲಿಗಿಂತ ಕೆಟ್ಟದಾಗಿರುತ್ತದೆ, ಬರೀ ಗಾಳಿ. ಇದನ್ನು ಮುಂಚೆಯೇ ಹೇಳದಿದ್ದರೆ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಕಸಿಗೆ ರಕ್ತನಾಳ ಬಂದು, ಊತ ಇಳಿದು, ಅಂಗಾಂಶ ಮೆತ್ತಗಾಗಬೇಕು. ತಿಂಗಳುಗಳು ಬೇಕು. ಒಂದು ವರ್ಷದವರೆಗೂ ದನಿ ನಿಧಾನವಾಗಿ ಸುಧಾರಿಸುತ್ತಾ ಹೋಗಬಹುದು. ಆ ಉದ್ದಕ್ಕೂ ಸ್ಪೀಚ್ ಥೆರಪಿ ಬಿಡುವ ಹಾಗಿಲ್ಲ.

ಫೇಶಿಯಾ ಒಂದೇ ದಾರಿಯಲ್ಲ. ಹೊಕ್ಕುಳ ಸುತ್ತಲಿನ ಕೊಬ್ಬನ್ನು ತೆಗೆದು ಇಡುವುದೂ ಇದೆ. ಅಮೆರಿಕದ ರಾಬರ್ಟ್ ಸತಲೋಫ್ 1990ರ ದಶಕದಲ್ಲಿ ಇದನ್ನು ಬಳಕೆಗೆ ತಂದವರಲ್ಲಿ ಒಬ್ಬರು. ಕೊಬ್ಬು ಮೆತ್ತಗಿರುವುದರಿಂದ ಲೋಳೆಯ ಪದರಕ್ಕೆ ಫೇಶಿಯಾಗಿಂತ ಹತ್ತಿರ. ಆದರೆ ಒಂದು ಪಾಲು ದೇಹದಲ್ಲಿ ಕರಗಿಹೋಗುತ್ತದೆ. ಎಷ್ಟು ಕರಗುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ. ಯೂಟಾ ವಿಶ್ವವಿದ್ಯಾಲಯದ ಸ್ಟೀವನ್ ಗ್ರೇ ಬೇರೆ ಬಾಗಿಲಿಂದ ಹೋದರು. ಕುತ್ತಿಗೆಯ ಮುಂದಿನ ಮೃದ್ವಸ್ಥಿಗೆ ಸಣ್ಣ ತೂತು ಕೊರೆದು, ಹೊರಗಿನಿಂದಲೇ ಹೊದಿಕೆಯ ಕೆಳಗೆ ಸುರಂಗ ಮಾಡಿ ಕೊಬ್ಬು ತುಂಬುವ ರೀತಿ. ಹೊದಿಕೆಯನ್ನು ಕೊಯ್ಯುವ ಪ್ರಮೇಯವೇ ಇಲ್ಲ. ಬರೀ ಸಂದು ಮುಚ್ಚಿದರೆ ಸಾಕು ಅನ್ನುವವರಿಗೆ ಇಡೀ ತಂತುವನ್ನೇ ನಡುವಿಗೆ ತಳ್ಳುವ ಥೈರೋಪ್ಲಾಸ್ಟಿ ಇದೆ. ಅದೂ ಜಪಾನಿನದೇ, ಇಸ್ಶಿಕಿ ಅವರದು, 1974ರದು. ದನಿಯ ಶಸ್ತ್ರಚಿಕಿತ್ಸೆಯಲ್ಲಿ ಜಪಾನಿಗರ ಪಾಲು ನೋಡಿದರೆ ಆಶ್ಚರ್ಯವಾಗುತ್ತದೆ.

ಇವೆಲ್ಲದರಲ್ಲೂ ಕಸಿ ಮಾಡುತ್ತಿರುವ ಕೆಲಸವೇನು? ನನ್ನ ಪ್ರಕಾರ ಗೊಂದಲ ಇರುವುದೇ ಇಲ್ಲಿ. ಪೊರೆ ಇಟ್ಟ ಮಾತ್ರಕ್ಕೆ ಕಳೆದುಹೋದ ಲೋಳೆಯ ಪದರ ಮತ್ತೆ ಬೆಳೆಯುವುದಿಲ್ಲ. ಅದು ಎರಡು ಕೆಲಸ ಮಾಡುತ್ತದೆ. ಒಂದು, ತಗ್ಗು ತುಂಬಿ ಸಂದು ಮುಚ್ಚುತ್ತದೆ, ಗಾಳಿ ಸೋರುವುದು ಕಡಿಮೆಯಾಗುತ್ತದೆ. ಎರಡು, ಬಿಡಿಸಿದ ಹೊದಿಕೆ ಮತ್ತೆ ಸ್ನಾಯುವಿಗೆ ಅಂಟದಂತೆ ನಡುವೆ ಅಡ್ಡ ನಿಲ್ಲುತ್ತದೆ. ಕಿವಿಯಲ್ಲಿ ನಮಗೆ ಬೇಕಾಗಿರುವುದು ತೂತು ಮುಚ್ಚುವ ತೆಳು ಹಾಳೆ. ಫೇಶಿಯಾ ಅದಕ್ಕೆ ಹೇಳಿ ಮಾಡಿಸಿದ ವಸ್ತು. ತಮಟೆಯ ಕಂಪನ ಕಣ್ಣಿಗೆ ಕಾಣದಷ್ಟು ಸಣ್ಣದು, ಅದಕ್ಕೆ ಯಾವುದೂ ಬಂದು ಬಡಿಯುವುದಿಲ್ಲ. ಗಂಟಲಲ್ಲಿ ಬೇಕಾಗಿರುವುದು ಬಡಿತ ತಿಂದೂ ಜಾರುವ ಪದರ. ಆ ಗುಣ ದೇಹದ ಬೇರೆ ಯಾವ ಭಾಗದ ತುಂಡಿನಲ್ಲೂ ಹಾಗೇ ಸಿಗುವುದಿಲ್ಲ.

ಹಾಗಾಗಿ ಈ ಕಸಿ ಯಾರಿಗೆ ಉಪಯೋಗ? ಫೋನಿನಲ್ಲಿ ಮಾತಾಡಿದರೆ ಎದುರಿನವರಿಗೆ ಕೇಳದವರಿಗೆ, ಒಂದು ಉಸಿರಲ್ಲಿ ಒಂದು ವಾಕ್ಯ ಮುಗಿಸಲಾಗದವರಿಗೆ ಉಪಯೋಗ. ‘ಆ’ ಅಂತ ಎಳೆದರೆ 15–20 ಸೆಕೆಂಡ್ ನಿಲ್ಲಬೇಕಾದ ದನಿ ಐದಾರು ಸೆಕೆಂಡಿಗೇ ಬತ್ತುತ್ತಿದ್ದರೆ, ಅದು ಹತ್ತು ಹನ್ನೆರಡಕ್ಕೆ ಏರುವುದೂ ಜೀವನವನ್ನೇ ಬದಲಾಯಿಸುವ ಲಾಭ. ಆದರೆ ತಾರಷಡ್ಜ ಮತ್ತೆ ಸಲೀಸಾಗಿ ಹಿಡಿಯಬೇಕು ಅಂತ ಬಂದ ಗಾಯಕರಿಗೆ ನಿರಾಸೆಯಾಗುವ ಸಾಧ್ಯತೆಯೇ ಹೆಚ್ಚು. ಹಗುರ ಕಲೆ ಇದ್ದು, ಮಾತು ಪರವಾಗಿಲ್ಲ ಅನ್ನುವಂತಿದ್ದರೆ, ಮುಟ್ಟದೆ ಬಿಡುವುದೇ ವಾಸಿ. ಇದುವರೆಗಿನ ವರದಿಗಳೂ ಹೆಚ್ಚಾಗಿ ಸಣ್ಣ ಸಣ್ಣ ಗುಂಪಿನ ರೋಗಿಗಳವು. ಫೇಶಿಯಾ ಮೇಲೋ ಕೊಬ್ಬು ಮೇಲೋ ಅಂತ ತೀರ್ಪು ಕೊಡುವಷ್ಟು ದೊಡ್ಡ ಹೋಲಿಕೆ ಅವುಗಳಿಂದ ಆಗುವುದಿಲ್ಲ. ಯಾವುದೇ ಡಾಕ್ಟರು ಇದೊಂದೇ ರಾಮಬಾಣ ಅಂದರೆ ಸ್ವಲ್ಪ ಹುಷಾರಾಗಿರಿ.

ಹಾಗಾದರೆ ಆ ಪದರವನ್ನೇ ಹೊಸದಾಗಿ ಬೆಳೆಸಬಹುದಲ್ಲ? ಪ್ರಯತ್ನ ನಡೆದಿದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ನೇಥನ್ ವೆಲ್‌ಹ್ಯಾಮ್ ತಂಡ 2015ರಲ್ಲಿ ಮಾಡಿದ ಕೆಲಸ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ಒಂದು ಶವದಿಂದ ಮತ್ತು ಬೇರೆ ಕಾಯಿಲೆಗೆ ದನಿಪೆಟ್ಟಿಗೆ ತೆಗೆಸಿಕೊಂಡ ನಾಲ್ವರಿಂದ ಧ್ವನಿತಂತುವಿನ ಜೀವಕೋಶ ತೆಗೆದುಕೊಂಡರು. ಕೊಲಾಜೆನ್ ಚೌಕಟ್ಟಿನ ಮೇಲೆ ಬೆಳೆಸಿದರು. ಸುಮಾರು ಎರಡು ವಾರದಲ್ಲಿ ಅದು ತಂತುವಿನ ಹೊದಿಕೆಯಂಥ ಅಂಗಾಂಶವಾಯಿತು. ಅದನ್ನು ಸತ್ತ ನಾಯಿಯ ದನಿಪೆಟ್ಟಿಗೆಗೆ ಕೂರಿಸಿ, ಬೆಚ್ಚಗಿನ ತೇವದ ಗಾಳಿ ಊದಿದರು. ಸದ್ದು ಬಂತು! ಅಲೆಯೂ ಎದ್ದಿತು. ಮನುಷ್ಯರ ರೋಗನಿರೋಧಕ ವ್ಯವಸ್ಥೆ ಕೂರಿಸಿದ ಇಲಿಗಳಲ್ಲಿ ಇಟ್ಟಾಗ ದೇಹ ಅದನ್ನು ತಳ್ಳಿಹಾಕಲಿಲ್ಲ.

ಅಲ್ಲಿಂದ ಆಪರೇಷನ್ ಥಿಯೇಟರಿಗೆ ದಾರಿ ದೂರ. ಆರೋಗ್ಯವಂತರ ಧ್ವನಿತಂತುವಿನ ಕೋಶ ಎಲ್ಲಿಂದ ತರುವುದು? ತೆಗೆಯಲು ಹೋದರೆ ಅವರಿಗೇ ಕಲೆ ಬೀಳುತ್ತದೆ. ನಮ್ಮ ತಂತುವಿನ ನಾರಿನ ಹೆಣಿಗೆ ಹುಟ್ಟಿದ ದಿನವೇ ಪೂರ್ತಿ ಆಗಿರುವುದಿಲ್ಲ. ಅದು ಹದಿವಯಸ್ಸಿನವರೆಗೆ ಮಾತಾಡುತ್ತಾ ಮಾತಾಡುತ್ತಾ ರೂಪುಗೊಳ್ಳುತ್ತದೆ. ಎರಡು ವಾರದ ಅಂಗಾಂಶಕ್ಕೆ ಆ ಹೆಣಿಗೆ ಬಂದಿರುವುದಿಲ್ಲ. ನಾಯಿಯ ದನಿಪೆಟ್ಟಿಗೆಯಲ್ಲಿ ಕೆಲವು ಕ್ಷಣ ಸದ್ದು ಬಂದದ್ದಕ್ಕೂ, ದಿನಕ್ಕೆ ಲಕ್ಷಗಟ್ಟಲೆ ಸಲ ಬಡಿಸಿಕೊಂಡು ವರ್ಷಗಟ್ಟಲೆ ಬಾಳುವುದಕ್ಕೂ ಬಹಳ ಅಂತರ.

ಬಾಸ್ಟನ್ನಿನಲ್ಲಿ ಶಸ್ತ್ರಚಿಕಿತ್ಸಕ ಸ್ಟೀವನ್ ಝೈಟೆಲ್ಸ್ ಮತ್ತು ಎಂಐಟಿಯ ರಾಬರ್ಟ್ ಲ್ಯಾಂಗರ್ ಪದರದ ಬದಲು ಲೋಳೆಯಂಥ ಜೆಲ್ ಮಾಡಲು ಹೊರಟರು. ಜೂಲಿ ಆಂಡ್ರ್ಯೂಸ್ ಅದಕ್ಕೆ ಬೆಂಬಲವಾಗಿ ನಿಂತರು. 2012ರಲ್ಲಿ ದೊಡ್ಡ ಸುದ್ದಿಯಾಯಿತು. ಸ್ವೀಡನ್ನಿನಲ್ಲಿ ರೋಗಿಗಳ ಮೂಳೆಮಜ್ಜೆಯಿಂದಲೇ ಕಾಂಡಕೋಶ (ಸ್ಟೆಮ್ ಸೆಲ್) ತೆಗೆದು ಕಲೆ ಇರುವ ತಂತುವಿಗೆ ಚುಚ್ಚಿದರು. 16 ಮಂದಿಯ ಮೇಲಿನ ಆ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಹೆಚ್ಚಿನವರ ಕಂಪನ ಸುಧಾರಿಸಿತು. ಕ್ಯೋಟೋದ ಶಿಗೆರು ಹಿರಾನೊ (ಇವರು ಬೇರೆ ಹಿರಾನೊ) ಕಲೆ ಕರಗಿಸುವ ಬೆಳವಣಿಗೆ ಅಂಶಗಳ (ಜೀವಕೋಶ ಬೆಳೆಯಲು ಪ್ರಚೋದಿಸುವ ಪ್ರೋಟೀನುಗಳ) ಇಂಜೆಕ್ಷನ್ ಹಿಂದೆ ವರ್ಷಗಳಿಂದ ಬಿದ್ದಿದ್ದಾರೆ. ನನಗೆ ಜಾಸ್ತಿ ಭರವಸೆ ಇರುವುದು ಈ ಕೊನೆಯ ದಾರಿಯ ಮೇಲೆ. ಯಾಕೆಂದರೆ ಇಂಜೆಕ್ಷನ್ನಿಗೆ ಹೊಸ ಗಾಯ ಮಾಡಬೇಕಿಲ್ಲ.

ಇದೆಲ್ಲ ಇಷ್ಟು ನಿಧಾನ ಯಾಕೆ ಅಂತ ಬೇಜಾರಾಗುವುದು ಸಹಜ. ಆದರೆ ಗಂಟಲಿಂದ ನಾಲ್ಕು ಬೆರಳು ಕೆಳಗೆ, ಉಸಿರುನಾಳದಲ್ಲಿ ಆತುರ ಮಾಡಿದಾಗ ಏನಾಯಿತು ಅನ್ನುವುದೂ ದಾಖಲೆಯಲ್ಲಿದೆ. ಪಾವೊಲೊ ಮಾಕಿಯಾರಿನಿ ಅನ್ನುವ ಶಸ್ತ್ರಚಿಕಿತ್ಸಕ 2011ರಲ್ಲಿ ಸ್ಟಾಕ್‌ಹೋಮಿನಲ್ಲಿ ಕಾಂಡಕೋಶ ಲೇಪಿಸಿದ ಪ್ಲಾಸ್ಟಿಕ್ ಉಸಿರುನಾಳ ಕೂರಿಸಿ ಜಗತ್ತಿನಾದ್ಯಂತ ಹೀರೋ ಆದರು. ಸ್ವೀಡನ್ನಿನಲ್ಲಿ ಅದನ್ನು ಹಾಕಿಸಿಕೊಂಡ ಮೂವರೂ ತೀರಿಕೊಂಡರು. 2023ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅವರಿಗೆ ಎರಡೂವರೆ ವರ್ಷ ಜೈಲು ವಿಧಿಸಿತು. ದನಿ ಇಲ್ಲದಿದ್ದರೂ ಮನುಷ್ಯ ಬದುಕಿರುತ್ತಾನೆ. ಆ ಬದುಕನ್ನು ಪಣಕ್ಕಿಟ್ಟು ಪ್ರಯೋಗ ಮಾಡುವ ಅವಸರ ಯಾರಿಗೂ ಬೇಡ.

ನಮ್ಮ ಕಡೆ ದನಿಯೇ ಬಂಡವಾಳವಾದವರು ಎಷ್ಟೊಂದು ಜನ! ಮೈಕಿಲ್ಲದೆ ಐವತ್ತು ಅರವತ್ತು ಮಕ್ಕಳಿಗೆ ಪಾಠ ಮಾಡುವ ಮೇಷ್ಟ್ರು, ರಾತ್ರಿಯಿಡೀ ಏರುಶ್ರುತಿಯಲ್ಲಿ ಹಾಡುವ ಯಕ್ಷಗಾನದ ಭಾಗವತರು, ಸಂತೆಯಲ್ಲಿ ಕೂಗುವವರು. ದನಿ ಬಿದ್ದರೆ ಜೇಷ್ಠಮಧು, ಶುಂಠಿ, ಕಾಳುಮೆಣಸು, ಕಲ್ಲುಸಕ್ಕರೆ. ಗಂಟಲಿಗೆ ಹಿತ ಅನ್ನಿಸುತ್ತದೆ, ತಿನ್ನಿ, ತಪ್ಪಿಲ್ಲ. ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುವನ್ನು ಮುಟ್ಟುವುದೇ ಇಲ್ಲ. ಮುಟ್ಟಿದರೆ ಕೆಮ್ಮು ನಿಲ್ಲುವುದಿಲ್ಲ!

ದನಿ ಕೆಟ್ಟು ಮೂರ್ನಾಲ್ಕು ವಾರ ದಾಟಿದರೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಲೇಬೇಕು. ಬೀಡಿ ಸಿಗರೇಟಿನ ಚಟ ಇರುವವರು ಇನ್ನೂ ಬೇಗ, ಯಾಕೆಂದರೆ ಮೊದಲು ಕ್ಯಾನ್ಸರ್ ಇಲ್ಲ ಅಂತ ಖಾತ್ರಿಯಾಗಬೇಕು. ದನಿಯ ತರಬೇತಿ, ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಇದೆ. ಕಿವಿ ಕೇಳದ, ಮಾತು ಬಾರದ ಮಕ್ಕಳಿಗೆ ಮಾತ್ರ ಅಂತ ಬಹಳ ಜನ ಅಂದುಕೊಂಡಿದ್ದಾರೆ. ದನಿ ಕೆಟ್ಟ ದೊಡ್ಡವರನ್ನೂ ಅಲ್ಲಿ ನೋಡುತ್ತಾರೆ.

ಧ್ವನಿತಂತುವಿಗೆ ಯಾವುದೇ ಆಪರೇಷನ್ ಅಂದಾಗ ಕೇಳಬೇಕಾದ ಪ್ರಶ್ನೆಗಳು ಕೆಲವೇ. ಸ್ಟ್ರೋಬೋಸ್ಕೋಪಿ ಆಗಿದೆಯೇ? ಥೆರಪಿಯಿಂದ ಎಷ್ಟು ಸುಧಾರಿಸಬಹುದು ಅಂತ ನೋಡಿದ್ದೀರಾ? ಎಷ್ಟು ಆಳಕ್ಕೆ ಕೊಯ್ಯುತ್ತೀರಿ? ಆಗಲೇ ಕಲೆ ಬಿದ್ದಿದ್ದು, ಕಸಿ ಮಾಡುತ್ತೇವೆ ಅಂದರೆ, ಗಾಯವಾಗಿ ಎಷ್ಟು ತಿಂಗಳಾಯಿತು ಅನ್ನುವುದೂ ಮುಖ್ಯ. ಕಲೆ ಹದಕ್ಕೆ ಬರಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಅದಕ್ಕೆ ಮುಂಚೆ ಕೈ ಹಾಕಿದರೆ ಇನ್ನೂ ಮಾಯುತ್ತಿರುವ ಗಾಯವನ್ನೇ ಕೆದಕಿದಂತಾಗುತ್ತದೆ. ಕಾಯುವ ಆ ತಿಂಗಳುಗಳಲ್ಲಿ ಥೆರಪಿಯಿಂದಲೇ ದನಿ ಸಾಕಷ್ಟು ಸುಧಾರಿಸಿ, ಆಪರೇಷನ್ನೇ ಬೇಡ ಅನ್ನುವವರೂ ಇದ್ದಾರೆ.